ಅರಿಶಿನದ ಬಟ್ಟೆ, ಸುಣ್ಣದ ಅಕ್ಷರ: ಮನೆಯ ಕಟ್ಟಳೆಯನ್ನೇ ಕಲೆ ಮಾಡುವುದು ಹೇಗೆ

ಗೌರಿ ಹಬ್ಬದ ದಿನ ನಮ್ಮಜ್ಜಿ ಅಡುಗೆಮನೆ ಬಾಗಿಲ ಹಿಂದೆ ನಿಲ್ಲುತ್ತಿದ್ದರು. ಬೆಳಗಿನ ಜಾವ ಎದ್ದು ಹೋಳಿಗೆಗೆ ಬೇಳೆ ಬೇಯಿಸಿದವರು ಅವರೇ, ಮೊರಗಳಿಗೆ ಅರಿಶಿನ ಬಳಿದು ಒಣಗಿಸಿದವರು ಅವರೇ, ಯಾವ ಬಾಗಿನಕ್ಕೆ ಎಷ್ಟು ಬೇಳೆ, ಎಷ್ಟು ಬಳೆ ಅಂತ ಲೆಕ್ಕ ಇಟ್ಟವರೂ ಅವರೇ. ಬಾಗಿನ ಕೊಡುವ ಹೊತ್ತಿಗೆ ಮಾತ್ರ ಒಳಗೆ ಹೋಗಿಬಿಡುತ್ತಿದ್ದರು. ಹೋಗಿ ಅಂತ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ಹೇಳುವ ಅಗತ್ಯವೇ ಇರಲಿಲ್ಲ. ತಾತ ತೀರಿಕೊಂಡಾಗ ಅಜ್ಜಿಗೆ 26 ವರ್ಷ. ಆಮೇಲೆ ಐವತ್ತು ಗೌರಿ ಹಬ್ಬಗಳನ್ನು ಅವರು ಬಾಗಿಲ ಸಂದಿಯಿಂದಲೇ ನೋಡಿದರು.

ಮೂರು ವರ್ಷದ ಹಿಂದೆ ತುಮಕೂರಿನಲ್ಲಿ ನಾವು ಐದು ಜನ ಹೆಂಗಸರು ಸೇರಿ ಆ ಬಾಗಿಲ ಹಿಂದಿನ ಜಾಗದ ಮೇಲೆ ಒಂದು ಕಲಾಕೃತಿ ಮಾಡಿದೆವು. ನಮ್ಮಲ್ಲಿ ಯಾರೂ ಚಿತ್ರಕಲೆ ಓದಿದವರಲ್ಲ. ಒಬ್ಬರು ಟೈಲರ್, ಒಬ್ಬರು ಅಂಗನವಾಡಿ ಟೀಚರ್, ಇಬ್ಬರು ಡಿಗ್ರಿ ಓದುತ್ತಿದ್ದ ಹುಡುಗಿಯರು, ಮತ್ತೆ ನಾನು. ಅದನ್ನು ನೋಡಿದವರು, ಅದರ ಬಗ್ಗೆ ಕೇಳಿದವರು ಈಗಲೂ ಫೋನ್ ಮಾಡುತ್ತಾರೆ. ಗುಬ್ಬಿಯಿಂದ, ಶಿರಾದಿಂದ, ಒಬ್ಬರಂತೂ ಚಿಂತಾಮಣಿಯಿಂದ. ನಾವೂ ಮಾಡಬೇಕು, ಡ್ರಾಯಿಂಗ್ ಬರಲ್ಲ, ಎಲ್ಲಿಂದ ಶುರು ಮಾಡೋದು ಅಂತ. ಎಲ್ಲರಿಗೂ ಒಂದೇ ಸಲ ಹೇಳೋಣ ಅಂತ ಇದನ್ನು ಬರೆಯುತ್ತಿದ್ದೇನೆ.

ಒಂದೇ ಒಂದು ಕಟ್ಟಳೆ ಹಿಡಿಯಿರಿ

"ಮಹಿಳಾ ಶೋಷಣೆ" ಅಂತ ವಿಷಯ ಇಟ್ಟುಕೊಂಡು ಕೂತರೆ ಏನೂ ಹುಟ್ಟುವುದಿಲ್ಲ. ಸರಪಳಿ, ಪಂಜರ, ನೀರು ತುಂಬಿದ ಕಣ್ಣು, ಇಷ್ಟೇ ಬರುತ್ತದೆ. ಅದನ್ನು ಎಲ್ಲರೂ ಶಾಲೆಯ ಗೋಡೆ ಮೇಲೆ ನೋಡಿ ಮುಗಿಸಿದ್ದಾರೆ. ನಿಮಗೆ ಬೇಕಾಗಿರುವುದು ನಿಮ್ಮ ಮನೆಯ, ನಿಮ್ಮ ಮೈಮೇಲೆ ಬಿದ್ದ ಒಂದು ಕಟ್ಟಳೆ. ಒಂದು ನೋಟ್‌ಬುಕ್ ತೆಗೆದುಕೊಂಡು ವಾರ ಪೂರ್ತಿ ಬರೆಯಿರಿ. ಹೊರಗಾದಾಗ ಯಾವ ಹೊಸ್ತಿಲು ದಾಟಬಾರದು, ಯಾವ ಕೊಡ ಮುಟ್ಟಬಾರದು. ಯಾರು ಮೊದಲು ಉಣ್ಣುತ್ತಾರೆ. ಅಪ್ಪ ತೀರಿಕೊಂಡಾಗ ಮಗಳು ಸ್ಮಶಾನದ ತನಕ ಯಾಕೆ ಹೋಗಲಿಲ್ಲ. ಆರತಿ ಎತ್ತುವಾಗ ಯಾರನ್ನು ಕರೆಯುತ್ತಾರೆ, ಯಾರನ್ನು ಬಿಡುತ್ತಾರೆ. ನಮ್ಮ ಗುಂಪಿನ ಅಂಗನವಾಡಿ ಟೀಚರ್ ಒಂದೇ ವಾರದಲ್ಲಿ 40 ಕಟ್ಟಳೆ ಬರೆದು ತಂದಿದ್ದರು. ಓದಿ ಮುಗಿಸುವ ಹೊತ್ತಿಗೆ ಅವರ ಗಂಟಲು ಕಟ್ಟಿತ್ತು.

ಆ ಪಟ್ಟಿಯಲ್ಲಿ ಯಾವುದನ್ನು ಬರೆಯುವಾಗ ನಿಮ್ಮ ಕೈ ನಿಂತಿತೋ ಅದನ್ನೇ ಆರಿಸಿಕೊಳ್ಳಿ.

ಇಲ್ಲೊಂದು ಮಾತು ಹೇಳಲೇಬೇಕು. ನಮ್ಮ ಜಿಲ್ಲೆಯ ಕೆಲವು ಗೊಲ್ಲರಹಟ್ಟಿಗಳಲ್ಲಿ ಮುಟ್ಟಾದವರನ್ನು, ಬಾಣಂತಿಯರನ್ನು ಹಟ್ಟಿಯ ಹೊರಗೆ ಇರಿಸುವುದು ನಿಮಗೆ ಗೊತ್ತು. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಹೊರಗಿನ ಗುಡಿಸಲಲ್ಲಿದ್ದ ಹಸುಗೂಸು ತೀರಿಕೊಂಡಾಗ ಇಡೀ ರಾಜ್ಯ ಅದರ ಬಗ್ಗೆ ಮಾತಾಡಿತು. ಆಗ ಬಹಳ ಜನಕ್ಕೆ ಕ್ಯಾಮೆರಾ ಹಿಡಿದು ಅಲ್ಲಿಗೆ ಹೋಗಬೇಕು ಅನಿಸಿತು. ಹೋಗಬೇಡಿ. ಅಲ್ಲಿನ ಹೆಣ್ಣುಮಕ್ಕಳು ತಮ್ಮ ಕಥೆಯನ್ನು ತಾವೇ ಹೇಳಬಲ್ಲರು, ಹೇಳುತ್ತಲೂ ಇದ್ದಾರೆ. ನಿಮ್ಮ ಟೈಲ್ಸ್ ಹಾಕಿದ ಮನೆಯಲ್ಲಿ ಮೂರು ದಿನ ದೇವರ ಕೋಣೆಯ ಬಾಗಿಲು ಎಳೆದುಕೊಳ್ಳುತ್ತೀರಲ್ವಾ, ಅಲ್ಲಿಂದ ಶುರು ಮಾಡಿ. ಜಾತಿಯೂ ಇದರೊಳಗೇ ಇದೆ. ನಮ್ಮ ಬೀದಿಯ ಅರಿಶಿನ ಕುಂಕುಮಕ್ಕೆ ಗಂಡ ಸತ್ತವರನ್ನು ಕರೆಯುತ್ತಿರಲಿಲ್ಲ, ಸರಿ. ಬೀದಿ ಗುಡಿಸಲು ಬರುತ್ತಿದ್ದ ಮುತ್ತೈದೆಯನ್ನೂ ಕರೆಯುತ್ತಿರಲಿಲ್ಲ. ಪಟ್ಟಿ ಬರೆಯುವಾಗ ಎರಡನೆಯದನ್ನು ಮರೆತರೆ ಅದು ಅರ್ಧ ಪಟ್ಟಿ.

ಸಾಮಾನು ಮನೆಯಲ್ಲೇ ಇದೆ

ಕ್ಯಾನ್ವಾಸು, ಆಯಿಲ್ ಪೇಂಟು ಯಾವುದೂ ಬೇಡ. ಕಟ್ಟಳೆ ಯಾವ ವಸ್ತುವಿನ ಮೂಲಕ ನಡೆಯುತ್ತದೋ ಆ ವಸ್ತುವನ್ನೇ ಕೈಗೆತ್ತಿಕೊಳ್ಳಿ. ಈ ದಾರಿಯನ್ನು ನನಗೆ ತೋರಿಸಿದ್ದು ನಮ್ಮ ರಾಜ್ಯದವರೇ. ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡ ಸಗಣಿಯಿಂದ, ಕುಂಕುಮದಿಂದ, ದಾರದಿಂದ ಕೃತಿಗಳನ್ನು ಮಾಡಿದ್ದಾರೆ. 1998ರ ಒಂದು ಕೃತಿಯಲ್ಲಿ ಉದ್ದುದ್ದ ದಾರಗಳನ್ನು ಸೂಜಿಯ ಕಣ್ಣಲ್ಲಿ ತೂರಿಸಿ, ಅಂಟಿನ ಜೊತೆ ಕುಂಕುಮ ಬಳಿದು ಕೆಂಪು ಹಗ್ಗ ಮಾಡಿದ್ದಾರೆ. ಹಗ್ಗ ಗೋಡೆ ನೆಲವೆಲ್ಲ ಹರಿದು ಹೋಗುತ್ತದೆ, ತುದಿಯಲ್ಲಿ ಸೂಜಿಗಳ ಗೊಂಚಲು. 2009ರಲ್ಲಿ ವೆನಿಸ್‌ನಲ್ಲಿ ತೋರಿಸಿದ ಇನ್ನೊಂದರಲ್ಲಿ ಹರಕೆ ಕೂದಲಿನ ಹಗ್ಗ ಮತ್ತು ಕಾರಿನ ಬಂಪರ್. ದೃಷ್ಟಿಗೆ ಅಂತ ಗಾಡಿಗೆ ಕಟ್ಟುವ ಕೂದಲ ಹಗ್ಗ ನಾವೆಲ್ಲ ನೋಡಿರುವುದೇ. ಅದು ಯಾರ ಮುಡಿ ಅಂತ ನಾನಂತೂ ಅದಕ್ಕೆ ಮುಂಚೆ ಒಂದು ಸಲವೂ ಯೋಚಿಸಿರಲಿಲ್ಲ.

ಪುಷ್ಪಮಾಲಾ ಎನ್. ಅವರದು ಬೇರೆ ದಾರಿ. ಬೆಂಗಳೂರಿನವರು, ತಮ್ಮ ಮೈಯನ್ನೇ ವಸ್ತು ಮಾಡಿಕೊಂಡವರು. ಛಾಯಾಗ್ರಾಹಕಿ ಕ್ಲೇರ್ ಆರ್ನಿ ಜೊತೆ 2000ದಿಂದ 2004ರ ತನಕ ಮಾಡಿದ ಫೋಟೋ ಸರಣಿಯಲ್ಲಿ ರವಿವರ್ಮನ ಲಕ್ಷ್ಮಿಯ ಹಾಗೆ ತಾವೇ ನಿಂತಿದ್ದಾರೆ. ಅದೇ ಕಮಲ, ಅದೇ ಸೀರೆ. ನಮ್ಮ ಮನೆಯ ಕ್ಯಾಲೆಂಡರ್ ಲಕ್ಷ್ಮಿಯ ಮುಖ, ನಿಲುವು, ಸೀರೆ ಉಟ್ಟ ಬಗೆ ಎಲ್ಲವನ್ನೂ ಒಬ್ಬ ಚಿತ್ರಕಾರ ಕೂತು ಆರಿಸಿದ್ದು ಅಂತ ಆ ಫೋಟೋ ನೋಡಿದ ಮೇಲೆ ಮರೆಯಲು ಆಗುವುದಿಲ್ಲ. ಫೋನ್ ಕ್ಯಾಮೆರಾ, ಅಮ್ಮನ ರೇಷ್ಮೆ ಸೀರೆ, ಹಿಂದೆ ಒಂದು ಬೆಡ್‌ಶೀಟ್ ಇದ್ದರೆ ನೀವೂ ಈ ಕೆಲಸ ಶುರು ಮಾಡಬಹುದು.

ಹೊರದೇಶದವರಲ್ಲಿ ಇಬ್ಬರನ್ನು ಹೇಳುತ್ತೇನೆ. ಮೇರಿ ಬೆತ್ ಎಡೆಲ್ಸನ್ 1972ರಲ್ಲಿ ಏಸುವಿನ ಕೊನೆಯ ಭೋಜನದ ಪ್ರಸಿದ್ಧ ಚಿತ್ರ ತೆಗೆದುಕೊಂಡು ಅಲ್ಲಿನ ಗಂಡಸರ ಮುಖಗಳ ಮೇಲೆ ಕಲಾವಿದೆಯರ ಫೋಟೋ ಅಂಟಿಸಿದರು. ನಡುವೆ ಏಸುವಿನ ಜಾಗದಲ್ಲಿ ಜಾರ್ಜಿಯಾ ಓಕೀಫ್. ಕತ್ತರಿ ಮತ್ತು ಅಂಟು, ಅಷ್ಟೇ ಸಾಮಾನು. ಜೂಡಿ ಶಿಕಾಗೊ 1974ರಿಂದ 1979ರ ತನಕ ನೂರಾರು ಜನರನ್ನು ಸೇರಿಸಿಕೊಂಡು ತ್ರಿಕೋನದ ಊಟದ ಮೇಜು ಮಾಡಿದರು. 39 ಹೆಂಗಸರಿಗೆ ಎಲೆ ಹಾಕಿದ ಹಾಗೆ ಜಾಗ, ನೆಲದ ಮೇಲೆ ಇನ್ನೂ 999 ಹೆಂಗಸರ ಹೆಸರು. ಕಸೂತಿ, ಪಿಂಗಾಣಿ ಬಣ್ಣದಂಥ "ಮನೆಗೆಲಸ" ಅಂತ ಬಿಟ್ಟಿದ್ದನ್ನೇ ಅಲ್ಲಿ ಬಳಸಿದ್ದಾರೆ. ಹೆಸರು ಬರೆಯುವ ಯೋಚನೆ ನಮಗೆ ಬಂದಿದ್ದು ಆ ನೆಲದಿಂದ.

ನಮ್ಮ ಸುತ್ತಲೂ ಕಣ್ಣು ಹಾಯಿಸಿ. ಈ ಕಡೆಯ ಊರುಗಳಲ್ಲಿ ಕರಗ ಹೊರುವವರು ಗಂಡಸು, ಆ ರಾತ್ರಿ ಅವರು ದ್ರೌಪದಿ. ಸೀರೆ, ಬಳೆ, ಮಲ್ಲಿಗೆ ಎಲ್ಲವೂ ಮೈಮೇಲೆ. ಬೆಂಗಳೂರು ಕರಗದಲ್ಲಂತೂ ಹೆಂಡತಿಯ ತಾಳಿ, ಬಳೆ ಅವರಿಗೆ ಹೋಗುತ್ತದೆ, ಕರಗ ಮುಗಿಯುವ ತನಕ ಆಕೆ ಗಂಡನ ಮುಖ ನೋಡುವಂತಿಲ್ಲ. ಗಂಡು ಹೆಣ್ಣಾಗುವುದನ್ನು ನಮ್ಮ ಜನ ಕೈಮುಗಿದು ನೋಡುತ್ತಾರೆ. ಅದೇ ರಾತ್ರಿ ಆ ಹೆಂಡತಿಯ ಬರಿಗೈ ಯಾರ ಕಣ್ಣಿಗೂ ಬೀಳುವುದಿಲ್ಲ. ಕೋಲಾರದ ಕಡೆಯವರಿಗೆ ಮುಳಬಾಗಿಲು ತಾಲ್ಲೂಕಿನ ಆವನಿ ಬೆಟ್ಟ ಇದೆ. ಗಂಡ ಹೊರಗೆ ಕಳಿಸಿದ ಬಸುರಿ ಸೀತೆ ಲವಕುಶರನ್ನು ಹೆತ್ತಿದ್ದು ಅಲ್ಲೇ ಅನ್ನುವುದು ನಂಬಿಕೆ, ಮಕ್ಕಳಾಗಲಿ ಅಂತ ಹೆಂಗಸರು ಅಲ್ಲಿಗೆ ಹೋಗುತ್ತಾರೆ. ಹೊರಗೆ ಕಳಿಸಿದ ಬಾಣಂತಿಯನ್ನು ಬೆಟ್ಟದ ಮೇಲೆ ಪೂಜಿಸುತ್ತೇವೆ, ಊರಲ್ಲಿ ಬಾಣಂತಿಯನ್ನು ಹೊರಗೆ ಕಳಿಸುತ್ತೇವೆ. ಯಾರಾದರೂ ಇದರ ಮೇಲೆ ಕೆಲಸ ಮಾಡಿ, ನೋಡಲು ನಾನು ಬಸ್ ಹತ್ತಿ ಬರುತ್ತೇನೆ.

ನಾವು ಮಾಡಿದ್ದು: ಬಟ್ಟೆ

ಸೀರೆ ಮೇಲೆ ಸಾರು ಚೆಲ್ಲಿದಾಗ ಸೋಪು ಹಚ್ಚಿದರೆ ಹಳದಿ ಕಲೆ ಕೆಂಪಾಗುತ್ತದಲ್ಲ, ನಮ್ಮ ಕೆಲಸ ಪೂರ್ತಿ ನಿಂತಿರುವುದು ಅದರ ಮೇಲೆ. ಅರಿಶಿನಕ್ಕೆ ಸುಣ್ಣ ತಾಗಿದರೆ ಕೆಂಪು. ಮದುಮಕ್ಕಳಿಗೆ ಎತ್ತುವ ಕೆಂಪು ನೀರಿನ ಆರತಿ ಅದೇ, ಮನೆಯಲ್ಲಿ ಕುಂಕುಮ ಮಾಡುತ್ತಿದ್ದ ಹಳೆಯ ಕ್ರಮವೂ ಅದೇ. ಗಂಡ ಸತ್ತ ಮೇಲೆ ಅಜ್ಜಿಗೆ ಅರಿಶಿನವೂ ಇಲ್ಲ, ಕುಂಕುಮವೂ ಇಲ್ಲ, ಆರತಿ ತಟ್ಟೆ ಮುಟ್ಟುವ ಹಾಗೂ ಇಲ್ಲ. ಹಾಗಾಗಿ ಅವರ ಹೆಸರನ್ನು, ಅವರಂಥ ಇನ್ನಷ್ಟು ಹೆಂಗಸರ ಹೆಸರುಗಳನ್ನೂ, ಅರಿಶಿನದ ಬಟ್ಟೆಯ ಮೇಲೆ ಸುಣ್ಣದಲ್ಲೇ ಬರೆಯಬೇಕು ಅಂತ ತೀರ್ಮಾನ ಮಾಡಿದೆವು.

ಮಾಡುವ ಕ್ರಮ ಹೀಗೆ. ಬಿಳಿ ಕಾಟನ್ ಬಟ್ಟೆ ಎರಡು ಮೀಟರ್ ಬೇಕು. ಪಾಲಿಯೆಸ್ಟರ್ ಬೆರೆತಿದ್ದರೆ ಬಣ್ಣ ಸರಿಯಾಗಿ ಹಿಡಿಯುವುದಿಲ್ಲ, ಅಂಗಡಿಯಲ್ಲಿ ಕೇಳಿಯೇ ತನ್ನಿ. ಗಂಜಿ ಹೋಗುವ ತನಕ ಬಿಸಿನೀರಲ್ಲಿ ತೊಳೆಯಿರಿ. ಸೋಪು ಹಾಕಿದ್ದರೆ ಪೂರ್ತಿ ಹೋಗುವ ಹಾಗೆ ಮೂರ್ನಾಲ್ಕು ಸಲ ಜಾಲಿಸಿ, ಇಲ್ಲದಿದ್ದರೆ ಅಲ್ಲಲ್ಲಿ ಬೇಡದ ಕೆಂಪು ಏಳುತ್ತದೆ. ನಾಲ್ಕು ಲೀಟರ್ ನೀರಿಗೆ ಎಂಟು ದೊಡ್ಡ ಚಮಚ ಅರಿಶಿನ ಹಾಕಿ ಇಪ್ಪತ್ತು ನಿಮಿಷ ಕುದಿಸಿ, ಉರಿ ಆರಿಸಿ ಬಟ್ಟೆಯನ್ನು ಒಂದು ಗಂಟೆ ಮುಳುಗಿಸಿಡಿ, ನಡುನಡುವೆ ಕೋಲಿನಲ್ಲಿ ತಿರುವುತ್ತಿರಿ. ಒಮ್ಮೆ ತಣ್ಣೀರಲ್ಲಿ ಅದ್ದಿ ತೆಗೆದು ನೆರಳಲ್ಲಿ ಒಣಗಿಸಿ. ಬಿಸಿಲಿಗೆ ಹಾಕಲೇಬೇಡಿ, ಅರಿಶಿನದ ಬಣ್ಣ ಬಿಸಿಲಿಗೆ ಹಾರಿಹೋಗುತ್ತದೆ. ನಮ್ಮ ಮೊದಲ ಬಟ್ಟೆಯನ್ನು ಮಹಡಿ ಮೇಲೆ ಹರವಿ ಮರೆತು ಎರಡೇ ದಿನದಲ್ಲಿ ಕೆಡಿಸಿಕೊಂಡೆವು.

ಸುಣ್ಣ ಅಂದರೆ ಎಲೆ ಅಡಿಕೆಗೆ ಹಾಕುವ ಸುಣ್ಣ. ಒಂದು ಲೋಟ ನೀರಿಗೆ ಒಂದು ಚಮಚ ಕಲಸಿ, ಅರ್ಧ ಗಂಟೆ ಬಿಡಿ, ಮೇಲಿನ ತಿಳಿಯನ್ನು ಬೇರೆ ಲೋಟಕ್ಕೆ ಬಸಿದುಕೊಳ್ಳಿ. ತಿಳಿ ಸಾಕು, ಗಟ್ಟಿ ಸುಣ್ಣ ಹಚ್ಚಿದರೆ ಒಣಗಿದ ಮೇಲೆ ಬಿಳಿ ಹೊಪ್ಪಳೆ ನಿಲ್ಲುತ್ತದೆ. ಕೈಗೆ ಗ್ಲೌಸ್ ಹಾಕಿಕೊಳ್ಳಿ, ಸುಣ್ಣ ಚರ್ಮ ಸುಡುತ್ತದೆ, ಕಣ್ಣಿಗೆ ಬೀಳದ ಹಾಗೆ ನೋಡಿಕೊಳ್ಳಿ, ಮಕ್ಕಳ ಕೈಗೆ ಕೊಡಬೇಡಿ. ಆಮೇಲೆ ಸಣ್ಣ ಬ್ರಷ್ ಅದ್ದಿ ಬರೆಯಿರಿ. ಬ್ರಷ್ಷಿನಲ್ಲಿರುವುದು ಬರೀ ನೀರಿನ ಹಾಗೆ ಕಾಣುತ್ತದೆ. ಬಟ್ಟೆಗೆ ತಾಗಿದ ಕೂಡಲೇ ಹಳದಿಯೊಳಗಿಂದ ಅಕ್ಷರ ಕೆಂಪಾಗಿ ಎದ್ದು ಬರುತ್ತದೆ. ಅಂಗಡಿ ಕುಂಕುಮದ ಕಡುಗೆಂಪು ಬರುವುದಿಲ್ಲ, ಸ್ವಲ್ಪ ಕಂದು ಬೆರೆತ ಕೆಂಪು. ತಪ್ಪಾದರೆ ನಿಂಬೆರಸ ಹಚ್ಚಿ, ಮತ್ತೆ ಹಳದಿ ಆಗುತ್ತದೆ.

ಈ ಕೆಂಪು ಉಳಿಯುವುದಿಲ್ಲ. ಗಾಳಿಗೆ ಸುಣ್ಣದ ಸತ್ವ ಹೋದ ಹಾಗೆ ಅಕ್ಷರ ದಿನದಿಂದ ದಿನಕ್ಕೆ ಮಂಕಾಗುತ್ತದೆ. ಮೊದಲು ಇದರಿಂದ ನಮಗೆ ಬೇಜಾರಾಯಿತು, ಫೆವಿಕಾಲ್ ಬೆರೆಸಿ ನೋಡೋಣ ಅಂದುಕೊಂಡೆವು. ಆಗ ಟೈಲರ್ ಅಕ್ಕ, ಅಳಿಸಿದರೆ ನಾಳೆ ಮತ್ತೆ ಬರೆಯೋಣ, ರಂಗೋಲಿ ದಿನಾ ಹಾಕಲ್ವಾ ಅಂದರು. ಅಮೆರಿಕದಲ್ಲಿ ಮಿಯರ್ಲ್ ಯೂಕಲೀಸ್ ಅನ್ನುವ ಕಲಾವಿದೆ 1973ರಲ್ಲಿ ಒಂದು ಮ್ಯೂಸಿಯಂನ ಮೆಟ್ಟಿಲುಗಳನ್ನು ಮಂಡಿಯೂರಿ ತೊಳೆದು, ದಿನಾ ಮಾಡಿ ದಿನಾ ಅಳಿಸಿಹೋಗುವ ಮನೆಗೆಲಸವನ್ನೇ ಕಲೆ ಅಂತ ತೋರಿಸಿದ್ದರು. ಅಕ್ಕನಿಗೆ ಅದು ಗೊತ್ತಿರಲಿಲ್ಲ, ಗೊತ್ತಿರಬೇಕಾಗಿಯೂ ಇರಲಿಲ್ಲ. ದಿನಾ ಬೆಳಿಗ್ಗೆ ನಮ್ಮಲ್ಲೊಬ್ಬರು ಹೆಸರುಗಳನ್ನು ತಿದ್ದಿದೆವು. ನೋಡಲು ಬಂದವರೂ ಬ್ರಷ್ ಕೇಳಿ ತಿದ್ದಿದರು.

ಹೆಸರು ಹುಡುಕುವುದು ಬಣ್ಣ ಹಾಕುವುದಕ್ಕಿಂತ ಕಷ್ಟ, ಅದಕ್ಕೆ ಜಾಸ್ತಿ ದಿನ ಇಟ್ಟುಕೊಳ್ಳಿ. ಮುತ್ತಜ್ಜಿಯ ಹೆಸರು ಕೇಳಿದರೆ "ದೊಡ್ಡಮ್ಮ ಅಂತಿದ್ವಿ" ಅನ್ನುತ್ತಾರೆ. ಹಳೆಯ ರೇಷನ್ ಕಾರ್ಡ್, ಪಹಣಿ, ಮಕ್ಕಳ ಟಿಸಿ, ಪಾತ್ರೆ ಮೇಲೆ ಕೊರೆಸಿದ ಹೆಸರು, ಇಲ್ಲೆಲ್ಲ ಹುಡುಕಿ. ತಾಮ್ರದ ಬಿಂದಿಗೆಯ ಕಂಠದ ಮೇಲೆ ನಮಗೆ ಒಂದು ಹೆಸರು ಸಿಕ್ಕಿತು. ಎರಡು ತಿಂಗಳಲ್ಲಿ 31 ಹೆಸರು ಸೇರಿದವು. ಬದುಕಿರುವವರ ಹೆಸರು ಬರೆಯುವ ಮುಂಚೆ ಅವರನ್ನು ಕೇಳಿ. ಬೇಡ ಅಂದರೆ ಬೇಡ, ಒತ್ತಾಯ ಮಾಡಬಾರದು. ಊರು, ಮನೆತನ ಹಾಕಬೇಡಿ, ಬರೀ ಹೆಸರು ಸಾಕು.

ಮೊರ ಮತ್ತು ಬಾಗಿಲು

ಬಿದಿರಿನ ಮೊರ ಎರಡು. ಹೆಣೆಯುವವರ ಹತ್ತಿರವೇ ಕೊಂಡರೆ ಅವರ ದುಡ್ಡು ಅವರಿಗೆ ಸೇರುತ್ತದೆ. ಕೆಳಗಿನ ಮೊರಕ್ಕೆ ಅಕ್ಕಿ, ಬೇಳೆ, ಬೆಲ್ಲ, ಬಳೆ, ಕನ್ನಡಿ, ಬಾಚಣಿಗೆ, ರವಿಕೆ ಕಣ, ಏನೊಂದೂ ಕಮ್ಮಿ ಮಾಡದೆ ಹಾಕಿದೆವು. ಮುಚ್ಚುವ ಮೊರವನ್ನು ಮಗುಚಿ ಪಕ್ಕದಲ್ಲಿಟ್ಟು, ಅದರೊಳಗೆ ಹಬ್ಬದ ದಿನ ಅಜ್ಜಿ ಮಾಡುತ್ತಿದ್ದ ಒಂದೊಂದು ಕೆಲಸವನ್ನೂ ಒಂದೊಂದು ಚೀಟಿಯಲ್ಲಿ ಬರೆದು ಸುರುಳಿ ಸುತ್ತಿ ತುಂಬಿದೆವು. 54 ಚೀಟಿ ಆದವು. ಎರಡೂ ಮೊರ ಒಂದೇ ಮಟ್ಟಕ್ಕೆ ತುಂಬಿದವು.

ಎಲ್ಲಕ್ಕಿಂತ ಮುಖ್ಯ, ನೋಡುವವರು ಎಲ್ಲಿ ನಿಲ್ಲಬೇಕು ಅನ್ನುವುದನ್ನು ನೀವೇ ತೀರ್ಮಾನಿಸಿ. ಬಹಳ ಜನ ಇದನ್ನು ಬಿಟ್ಟುಬಿಡುತ್ತಾರೆ, ಟೇಬಲ್ ಮೇಲೆ ಇಟ್ಟು ಸುತ್ತಲೂ ಓಡಾಡಲು ಬಿಡುತ್ತಾರೆ. ನಾವು ಹಳೇ ಮರದ ಸಾಮಾನಿನ ಅಂಗಡಿಯಿಂದ ಒಂದು ಬಾಗಿಲನ್ನು ಚೌಕಟ್ಟಿನ ಸಮೇತ ಬಾಡಿಗೆಗೆ ತಂದು ನಿಲ್ಲಿಸಿದೆವು. ಒಂದು ಗೇಣು ಮಾತ್ರ ತೆರೆದಿತ್ತು. ಮೊರ, ಬಟ್ಟೆ ಎಲ್ಲ ಆ ಕಡೆ. ನೋಡಬೇಕಾದರೆ ಬಾಗಿಲ ಹಿಂದೆ ಬಂದು ಸಂದಿಯಿಂದ ಇಣುಕಬೇಕು. ಗಂಡಸರೂ ಅಲ್ಲೇ ನಿಲ್ಲಬೇಕು. ಬ್ರಷ್ ಕೇಳಿದವರಿಗೆ ಮಾತ್ರ ಬಾಗಿಲು ಪೂರ್ತಿ ತೆರೆದು ಒಳಗೆ ಕರೆಯುತ್ತಿದ್ದೆವು. ಒಬ್ಬ ಹಿರಿಯರು ಹೊರಡುವಾಗ "ಇಷ್ಟು ಹೊತ್ತು ನಿಂತಿದ್ದಕ್ಕೇ ಕಾಲು ನೋಯುತ್ತಮ್ಮ" ಅಂದರು. ಹೆಚ್ಚಿಗೆ ಏನೂ ಹೇಳಲಿಲ್ಲ.

ಜನ, ಜಾಗ, ಕಾನೂನು

ಮೊದಲು ಮನೆಯಲ್ಲಿ ಮಾತಾಡಿ. ನಮ್ಮಮ್ಮ ಎರಡು ವಾರ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಗೌರಿಗೆ ಅವಮಾನ ಅಂತ ಅವರ ನೋವು. ನಾನು ವಾದಕ್ಕೆ ಇಳಿಯಲಿಲ್ಲ. ಅಜ್ಜಿಯನ್ನು ಒಳಗೆ ಹೋಗು ಅಂದಿದ್ದು ಗೌರಿಯಾ ಅಮ್ಮ ಅಂತ ಒಂದೇ ಸಲ ಕೇಳಿದೆ. ಗೌರಿ ತವರಿಗೆ ಬರುವ ಮಗಳು, ಮಾರನೇ ದಿನ ಗಣಪತಿ ಬಂದು ಕರೆದುಕೊಂಡು ಹೋಗುತ್ತಾನೆ ಅಂತ ನಮಗೆ ಕಥೆ ಹೇಳಿಕೊಟ್ಟವರೇ ಅಜ್ಜಿ. ಮೊರಕ್ಕೆ ಎಷ್ಟು ಬೇಳೆ ಹಾಕಬೇಕು ಅಂತ ಕೊನೆಗೆ ಅಮ್ಮನೇ ಬಂದು ತೋರಿಸಿದರು. ನಿಮ್ಮ ಪ್ರಶ್ನೆ ಕಟ್ಟಳೆಗೆ, ಕಟ್ಟಳೆ ಮಾಡಿದ ಮನುಷ್ಯರಿಗೆ. ಭಕ್ತಿ ಇರುವ ಹೆಂಗಸರನ್ನು ದೂರ ಮಾಡಿಕೊಂಡರೆ ಈ ಕೆಲಸವನ್ನು ಯಾರ ಜೊತೆ ಮಾಡುತ್ತೀರಿ? ಹನ್ನೆರಡನೇ ಶತಮಾನದಲ್ಲಿ ಅಕ್ಕಮಹಾದೇವಿ ಮನೆ, ಗಂಡ, ಉಡುಗೆ ಎಲ್ಲ ಬಿಟ್ಟು ಹೊರಟಿದ್ದು ಚೆನ್ನಮಲ್ಲಿಕಾರ್ಜುನನ ಹೆಸರಲ್ಲೇ.

ಜಾಗದ ವಿಷಯದಲ್ಲಿ ನಮಗೆ ಪೆಟ್ಟು ಬಿತ್ತು. ಬಾಯಿಮಾತಲ್ಲಿ ಒಪ್ಪಿದ್ದ ಒಂದು ಹಾಲ್‌ನವರು ಹಿಂದಿನ ಸಂಜೆ ಬಂದು ನೋಡಿ, ಗಂಡ ಸತ್ತವರ ಹೆಸರು ಅರಿಶಿನ ಕುಂಕುಮದ ಜೊತೆ ಇಡೋದು ಅಪಶಕುನ, ಮದುವೆ ನಡೆಯೋ ಜಾಗ ಅಂತ ಅಡ್ವಾನ್ಸ್ ವಾಪಸ್ ಕೊಟ್ಟರು. ರಾತ್ರೋರಾತ್ರಿ ಬಾಗಿಲು ಹೊತ್ತುಕೊಂಡು ಟೈಲರ್ ಅಕ್ಕನ ಮನೆಯ ಕಾರ್ ಶೆಡ್‌ಗೆ ಬಂದೆವು. ನೀವು ಹೀಗೆ ಮಾಡಿಕೊಳ್ಳಬೇಡಿ. ಏನಿಡುತ್ತೀರಿ ಅಂತ ಒಂದು ಪುಟ ಬರೆದು, ಫೋಟೋ ಸಮೇತ ಕೊಟ್ಟು, ಸಹಿ ಹಾಕಿಸಿಕೊಳ್ಳಿ. ಅಂಗಳ, ಜಗಲಿ, ಶೆಡ್ ಇದ್ದರೆ ಇನ್ನೂ ಒಳ್ಳೆಯದು, ಹಾಲ್‌ಗೆ ಬರಲು ಹಿಂಜರಿಯುವ ಹೆಂಗಸರು ಶೆಡ್‌ಗೆ ಬರುತ್ತಾರೆ. ಕೋಲಾರದ ತೇರಹಳ್ಳಿ ಬೆಟ್ಟದ ಮೇಲೆ ಆದಿಮ ಅನ್ನುವ ಸಾಂಸ್ಕೃತಿಕ ಕೇಂದ್ರದವರು ಹುಣ್ಣಿಮೆ ರಾತ್ರಿ ಬಯಲಲ್ಲೇ ಜನ ಸೇರಿಸಿ ಹಾಡು, ನಾಟಕ ನಡೆಸಿಕೊಂಡು ಬಂದಿದ್ದಾರೆ, ಅದನ್ನು ಒಮ್ಮೆ ನೋಡಿ ಬನ್ನಿ.

ಕಾನೂನು ಸ್ವಲ್ಪ ಗೊತ್ತಿರಲಿ. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯ 299ನೇ ಕಲಂ, ಹಿಂದಿನ ಐಪಿಸಿ 295ಎ, ಧಾರ್ಮಿಕ ಭಾವನೆಗೆ ಧಕ್ಕೆ ತರುವುದಕ್ಕೆ 3 ವರ್ಷದ ತನಕ ಜೈಲು ಅನ್ನುತ್ತದೆ. ಆದರೆ ಬೇಕೆಂದೇ, ದುರುದ್ದೇಶದಿಂದ ಮಾಡಿರಬೇಕು ಅಂತಲೂ ಅದರಲ್ಲೇ ಇದೆ. ಚಿತ್ರಕಾರ ಎಂ.ಎಫ್. ಹುಸೇನ್ ಅವರ ಮೇಲೆ ಅವರ ಚಿತ್ರಗಳಿಗಾಗಿ ಹಾಕಿದ್ದ ಕೇಸುಗಳನ್ನು ದೆಹಲಿ ಹೈಕೋರ್ಟ್ 2008ರಲ್ಲಿ ರದ್ದು ಮಾಡಿತು, ಆದರೂ 2006ರಲ್ಲಿ ದೇಶ ಬಿಟ್ಟ ಅವರು 2011ರಲ್ಲಿ ಲಂಡನ್‌ನಲ್ಲೇ ತೀರಿಕೊಂಡರು. ಹಾಗಾಗಿ ಯಾಕೆ ಮಾಡಿದೆವು ಅಂತ ತಾರೀಖು ಹಾಕಿ ಮುಂಚೆಯೇ ಬರೆದಿಡಿ, ಒಬ್ಬ ವಕೀಲರ ನಂಬರ್ ಇಟ್ಟುಕೊಳ್ಳಿ, ಒಬ್ಬರನ್ನೇ ಕೃತಿಯ ಹತ್ತಿರ ಬಿಟ್ಟು ಹೋಗಬೇಡಿ. ಮನೆಯಲ್ಲಿ ಇಟ್ಟಿದ್ದರೆ ಫೋಟೋ ಹಾಕುವಾಗ ವಿಳಾಸ ಹಾಕಬೇಡಿ.

ನಾಲ್ಕನೇ ದಿನ ನಮ್ಮ ಚಿಕ್ಕಜ್ಜಿ ಬಂದರು. ಅಜ್ಜಿಯ ತಂಗಿ, ಅವರಿಗೂ ಗಂಡ ಹೋಗಿ ನಲವತ್ತು ವರ್ಷ. ಬಾಗಿಲ ಹಿಂದೆ ಹೋಗಿ ನಿಂತರು, ಯಾರೂ ಹೇಳಿಕೊಡಬೇಕಾಗಲಿಲ್ಲ. ಅಕ್ಕನ ಹೆಸರು ಎಲ್ಲಿದೆ ಅಂದರು, ಓದಲು ಬರುವುದಿಲ್ಲ. ಬಾಗಿಲು ತೆರೆದು ಕರೆದುಕೊಂಡು ಹೋಗಿ ತೋರಿಸಿದೆ. ಬ್ರಷ್ ಕೊಟ್ಟರೆ ತೆಗೆದುಕೊಳ್ಳಲಿಲ್ಲ. ಗ್ಲೌಸ್ ಹಾಕಿಕೊಳ್ಳಿ ಅನ್ನುವಷ್ಟರಲ್ಲಿ ಉಂಗುರದ ಬೆರಳನ್ನು ಸುಣ್ಣದ ತಿಳಿಗೆ ಅದ್ದಿ, ಅಕ್ಕನ ಹೆಸರಿನ ಮೇಲೆ, ಹಣೆಗೆ ಇಡುವ ಹಾಗೆ, ಒತ್ತಿದರು. ಹಳದಿ ಮೇಲೆ ದುಂಡಗೆ ಒಂದು ಕೆಂಪು ಬೊಟ್ಟು ಎದ್ದಿತು. ಆಮೇಲೆ ಬೆರಳನ್ನು ಸೆರಗಿಗೆ ಒರೆಸಿಕೊಂಡು, ಇದು ಎಷ್ಟು ದಿನ ಇರುತ್ತೆ ಅಂತ ಕೇಳಿದರು.

ಐದಾರು ದಿನ ಅಂದೆ. ಬಟ್ಟೆ ಈಗ ನನ್ನ ಬೀರುವಿನಲ್ಲಿ ಕಾಗದದಲ್ಲಿ ಸುತ್ತಿ ಇದೆ. ನೀವೂ ಹಾಗೇ ಕತ್ತಲಲ್ಲಿ ಇಡಿ, ಪ್ಲಾಸ್ಟಿಕ್ ಕವರ್ ಬೇಡ. ಗೌರಿ ಹಬ್ಬ ಹತ್ತಿರ ಬಂದಾಗ ತೆಗೆದು ಸುಣ್ಣ ಕಲಸಿ ಹೆಸರುಗಳನ್ನು ತಿದ್ದುತ್ತೇವೆ. ಬೊಟ್ಟಿಡಲು ಚಿಕ್ಕಜ್ಜಿ ಬರುತ್ತಾರೆ.